ಹೊಲಿಯದ ಖಣ

ಒಂದು ವಾರ ನಮ್ಮ ಮನೆಯ ಊಟದ ಮೇಜಿನ ಮೇಲೆ ಹಸಿರು ಖಣವೊಂದು ಬಿದ್ದುಕೊಂಡಿತ್ತು. ಗುಳೇದಗುಡ್ಡದ ಕೈಮಗ್ಗದ್ದು, ಕೆಂಪು ಅಂಚಿನದು, ಮೈತುಂಬ ಸಣ್ಣ ಸಣ್ಣ ಬುಟ್ಟಾ. ನನ್ನ ಗಂಡ ಅದರ ಮೇಲೆ ಸಾರಿನ ಪಾತ್ರೆ ಇಡಲು ಹೋಗಿ ನನ್ನಿಂದ ಬೈಸಿಕೊಂಡರು.

“ಟ್ರಂಕಿನ್ಯಾಗ ಇಡಬಾರದೇನ ಅದನ್ನ?” ಎಂದರು.

“ಇಡೂದಿಲ್ಲ.”

“ಅದಕ್ಕ ನನ್ನ ಮ್ಯಾಲ ಯಾಕ ಸಿಟ್ಟ?”

ಸಿಟ್ಟು ಅವರ ಮೇಲಲ್ಲ. ಯಾರ ಮೇಲೆ ಎಂದು ಹೇಳಬೇಕಾದರೆ ಸ್ವಲ್ಪ ಸುತ್ತಿ ಬರಬೇಕಾಗುತ್ತದೆ. ನಿವೃತ್ತಳಾದ ಇಂಗ್ಲಿಷ್ ಮಾಸ್ತರಿಣಿ ನಾನು, ನೇರವಾಗಿ ಹೇಳುವ ಅಭ್ಯಾಸ ಮೊದಲೇ ಇಲ್ಲ. ಬೇಸರ ಮಾಡಿಕೊಳ್ಳಬೇಡಿ.

ಮೊದಲು ಖಣದ ವಿಷಯ. ನಮ್ಮ ಕಡೆ ಮನೆಗೆ ಬಂದ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಸೆರಗು ಒಡ್ಡಿಸಿ ಅದರೊಳಗೆ ಅಕ್ಕಿ, ತೆಂಗಿನಕಾಯಿ, ಬೆಲ್ಲ, ಉತ್ತತ್ತಿ, ಎಲೆ ಅಡಿಕೆ, ಮೇಲೊಂದು ಖಣ, ಅಂದರೆ ಕುಪ್ಪಸದ ಬಟ್ಟೆ, ಹಾಕಿ ಉಡಿ ತುಂಬಿ ಕಳಿಸುತ್ತೇವೆ. ಚಂದದ ಪದ್ಧತಿ. ಆದರೆ ಆ ಕುಪ್ಪಸದ ಬಟ್ಟೆಯ ಗತಿ ನೀವು ನೋಡಿದ್ದೀರಾ? ಅದನ್ನು ಯಾರೂ ಹೊಲಿಸುವುದಿಲ್ಲ. ನನಗೆ ಬಂದದ್ದು ನಿಮಗೆ, ನಿಮಗೆ ಬಂದದ್ದು ನಿಮ್ಮ ನಾದಿನಿಗೆ, ಅಲ್ಲಿಂದ ಅವಳ ಬೀಗಿತಿಗೆ. ನಮ್ಮ ಅವ್ವನ ಟ್ರಂಕಿನ ತುಂಬ ಇಂಥ ಜಂಪರ್ ಪೀಸುಗಳೇ. ಅವ್ವ ಹೊರಗೆ ಹೋದಾಗ ನಾನೂ ತಂಗಿಯೂ ಅವನ್ನೆಲ್ಲ ಹರವಿ ಅರಿವೆ ಅಂಗಡಿ ಆಟ ಆಡುತ್ತಿದ್ದೆವು; ಡಾಂಬರು ಗುಳಿಗೆಯ ವಾಸನೆ ನಮ್ಮ ಕೈಯಿಂದ ಹೋಗದೆ ಸಿಕ್ಕಿಬೀಳುತ್ತಿದ್ದೆವು. ಒಮ್ಮೆ ನನ್ನ ಪೆನ್ನಿನ ಶಾಯಿ ಒಂದು ನೇರಳೆ ಬಟ್ಟೆಯ ಮೂಲೆಗೆ ಸೋರಿತು. ಅವ್ವ ಅದನ್ನು ಗಡಬಡಿಸಿ ಯಾರದೋ ಬಸುರಿಯ ಕುಬಸದ ಕಾರ್ಯದಲ್ಲಿ ದಾಟಿಸಿಬಿಟ್ಟಳು. ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ತಿಕೋಟಾದ ನೆಂಟರ ಮನೆಯ ವಾಸ್ತುಶಾಂತಿಯಲ್ಲಿ ಅದೇ ನೇರಳೆ ಬಟ್ಟೆ, ಅದೇ ಶಾಯಿ ಕಲೆಯ ಸಮೇತ, ಅವ್ವನ ಉಡಿಗೆ ಬಿತ್ತು. ಮನೆಗೆ ಬಂದು ಅವ್ವ ಅದನ್ನು ಬೆಳಕಿಗೆ ಹಿಡಿದು, “ಬಂದ್ಯಾ ಯವ್ವಾ? ಊರೆಲ್ಲಾ ತಿರಗಿ ದಣದಿರಬೇಕ ನೀನು” ಎಂದು ಮಾತಾಡಿಸಿ ಮತ್ತೆ ಟ್ರಂಕಿಗೆ ಹಾಕಿದಳು. ನಾವು ನಕ್ಕು ನಕ್ಕು ಸತ್ತೆವು. ಈಗ ನೆನೆದರೆ ನಗೆ ಬರುವುದಿಲ್ಲ, ಮೈ ಉರಿಯುತ್ತದೆ. ಕೊಡುವ ಶಾಸ್ತ್ರವಾದರೆ ಸಾಕು, ತೊಡುವವರು ಯಾರು ಎಂದು ಯಾರೂ ಕೇಳಲಿಲ್ಲವಲ್ಲ.

ಇನ್ನು ಸೂಸಮ್ಮನ ವಿಷಯ. ಸೂಸಮ್ಮ ನಮ್ಮ ಓಣಿಯವರು. ಮದುವೆಯಾದ ಹೊಸದರಲ್ಲಿ ಗಂಡ ಥಾಮಸರ ಜೊತೆ ಕೇರಳದಿಂದ ವಿಜಯಪುರಕ್ಕೆ ಬಂದವರು. ಇಬ್ಬರೂ ಮಿಶನರಿಗಳು. ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಹುಣ್ಣು ತೊಳೆದು ಪಟ್ಟಿ ಕಟ್ಟುವುದು ಸೂಸಮ್ಮನ ಕೆಲಸ. ಅವರನ್ನು ಸ್ಕೂಟರಿನಲ್ಲಿ ಕರೆದೊಯ್ಯುವುದು, ಭಾನುವಾರ ಸಣ್ಣದೊಂದು ಪ್ರಾರ್ಥನಾ ಮಂದಿರದಲ್ಲಿ ಉಪದೇಶ ಮಾಡುವುದು ಥಾಮಸರದು. ಸೂಸಮ್ಮನ ಕನ್ನಡ ಕೇಳಿದರೆ ಅವರು ವಿಜಯಪುರದ ಕೋಟೆಯೊಳಗೇ ಹುಟ್ಟಿದವರೆಂದು ಆಣೆ ಮಾಡಿ ಹೇಳುತ್ತೀರಿ. ಬದನೆಕಾಯಿ ಮಾರುವವಳ ಜೊತೆ ಅವರು ಮಾಡುವ ಜಗಳವನ್ನು ನಾನು ಕೆಲಸ ಬಿಟ್ಟು ನಿಂತು ಕೇಳಿದ್ದೇನೆ.

ಬಬಲೇಶ್ವರದ ನನ್ನ ಚಿಗವ್ವನ, ಅಂದರೆ ಅವ್ವನ ತಂಗಿಯ ಗಂಡ ಪಾರ್ಶ್ವವಾಯು ಬಡಿದು ಮಲಗಿದಾಗ ಬಸ್ಸು ಹಿಡಿದು ಹೋಗಿ ಅವರ ಬೆನ್ನಿನ ಹುಣ್ಣು ನೋಡಿಕೊಂಡವರು ಇದೇ ಸೂಸಮ್ಮ. ಪಟ್ಟಿ ಬಿಚ್ಚುವ ಮೊದಲು ಅವರು ಕಣ್ಣು ಮುಚ್ಚಿ ತಮ್ಮ ದೇವರನ್ನು ನೆನೆಯುತ್ತಿದ್ದರು. ಕಾಕಾ ಹಣೆಗೆ ವಿಭೂತಿ ಹಚ್ಚಿಸಿಕೊಂಡು ತಮ್ಮ ದೇವರನ್ನು ನೆನೆಯುತ್ತಿದ್ದರು. ಮಗ್ಗುಲ ಮನೆಯ ನೀಲವ್ವ ಮಾತ್ರ, “ಜಾತಿ ಕೆಡಸಾಕ ಬರತಾಳ ಆಕಿ” ಎಂದು ಕಟ್ಟೆಯ ಮೇಲೆ ಕೂತು ಅನ್ನುತ್ತಿದ್ದಳು. ಅಂದಷ್ಟು ದಿನವೂ ಒಂದು ಸಲವಾದರೂ ಒಳಗೆ ಬಂದು ಕಾಕಾನ ಮಗ್ಗುಲು ಹೊರಳಿಸಲಿಲ್ಲ. ಕಾಕಾ ಹೋಗಿ ಈಗ ಬಹಳ ಕಾಲವಾಯಿತು. ಚಿಗವ್ವ ಇಂದಿಗೂ ಸೂಸಮ್ಮ ಎಂದರೆ ಜೀವ ಬಿಡುತ್ತಾಳೆ.

ಈ ಸಲದ ದ್ರಾಕ್ಷಿ ಸುಗ್ಗಿಯಲ್ಲಿ ಹಾಲೆಂಡಿನ ಒಂದು ಚರ್ಚಿನವರು ಭಾರತ ನೋಡಲು ಬಂದರು. ಆ ಚರ್ಚಿನಲ್ಲಿ ಪ್ರತಿ ಭಾನುವಾರ ಥಾಮಸ್ ಮತ್ತು ಸೂಸಮ್ಮನ ಹೆಸರು ಹೇಳಿ ಪ್ರಾರ್ಥನೆ ಮಾಡುತ್ತಾರಂತೆ. ಹಾಗಾಗಿ ತಮ್ಮ ಪ್ರವಾಸದಲ್ಲಿ ಒಂದು ದಿನ ವಿಜಯಪುರಕ್ಕೆ ಇಟ್ಟುಕೊಂಡಿದ್ದರು. ಸೂಸಮ್ಮ ಓಡಿ ಬಂದರು.

“ಅಕ್ಕಾರ, ಇಂಗ್ಲಿಷ್ ನೀವ ನೋಡ್ಕೋಬೇಕ ನೋಡ್ರಿ. ಚಾ-ನಾಷ್ಟಾ ನಾ ನೋಡ್ಕೋತೇನಿ. ನಮ್ಮನಿಯವರು ಇಂಗ್ಲಿಷ್ ಮಾತಾಡಿದ್ರ ಅದೂ ಮಲಯಾಳ ಕೇಳಿದಂಗ ಆಗತೈತಿ.”

ಸುದ್ದಿ ಬಬಲೇಶ್ವರಕ್ಕೆ ಹೋಗಿ ಚಿಗವ್ವನ ಫೋನು ಬಂತು. “ಸೂಸಮ್ಮನ ಮಂದಿ ಬರಾಕತ್ತಾರಂತ. ಊಟ ನಮ್ಮ ಮನ್ಯಾಗ. ಹೋಟೆಲ್-ಗೀಟೆಲ್ ಅಂದ್ರ ನಿನ್ನ ಕಾಲ ಮುರಿತೇನಿ, ಶಾಂತಾ. ಆಕಿ ನಮ್ಮನಿಯವರ ಬೆನ್ನ ತೊಳದಾಕಿ. ಆಕಿ ಬೀಗರು ಅಂದ್ರ ನಮ್ಮ ಬೀಗರು.”

ನಾನು ಇಳಕಲ್ ಸೀರೆ ಉಟ್ಟು, ಕನ್ನಡಿಯ ಮುಂದೆ ನಿಂತು ಸ್ವಾಗತದ ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡು ಹೊರಟೆ. ಒಂದು ಜೀವಮಾನವೆಲ್ಲ ಮಕ್ಕಳ ಕಿವಿ ಹಿಂಡಿ ಇಂಗ್ಲಿಷ್ ಕಲಿಸಿದವಳು ನಾನು. ಆ ಹಾಲೆಂಡಿನವರು ಬಸ್ಸಿನಿಂದ ಇಳಿದು ಬಾಯಿ ತೆರೆದರೆ ನನಗೆ ಮೂರರಲ್ಲಿ ಒಂದು ಮಾತು ತಿಳಿಯಿತು. ಉಳಿದ ಎರಡಕ್ಕೆ ನಕ್ಕೆ. ಅವರಲ್ಲೊಬ್ಬ ಗೋಳಗುಮ್ಮಟದ ಎತ್ತರ ಕೇಳಿದನೋ ಪಾಯಖಾನೆ ಎಲ್ಲಿದೆ ಎಂದು ಕೇಳಿದನೋ ತಿಳಿಯದೆ ಗುಮ್ಮಟದ ಕಡೆ ಕೈ ತೋರಿಸಿದೆ. ಆ ಮನುಷ್ಯ ಅತ್ತ ಓಡುತ್ತ ಹೋದುದನ್ನು ನೋಡಿದರೆ ಎರಡನೆಯದೇ ಇರಬೇಕು.

ಅವರಲ್ಲಿ ಮಾರ್ತಾ ಎಂಬ ಹಿರಿಯ ಹೆಣ್ಣುಮಗಳೊಬ್ಬಳು ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತಿದ್ದಳು. ನನಗೆ ಹೋದ ಮಾನ ತಿರುಗಿ ಬಂದಂತಾಯಿತು. ಇಡೀ ದಿನ ಅವಳ ಬೆನ್ನು ಬಿಡಲಿಲ್ಲ. ಮೊಣಕಾಲು ನೋವಿನ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಗುಮ್ಮಟದ ಮೆಟ್ಟಿಲು ಹತ್ತಿದೆವು. ಮೇಲೆ ಪಿಸುಗುಟ್ಟುವ ಮೊಗಸಾಲೆಯಲ್ಲಿ ಎಂದಿನ ಗದ್ದಲ. ನಮ್ಮವರಿಗೆ ಅಲ್ಲಿ ಕಿರಿಚದಿದ್ದರೆ ಕೊಟ್ಟ ಟಿಕೀಟು ದಂಡವಾದಂತೆ. ಕೂಗುವವರು, ಚಪ್ಪಾಳೆ ತಟ್ಟುವವರು, ಅವರನ್ನು ಸುಮ್ಮನಿರಿಸಲು ಅವರಿಗಿಂತ ಜೋರಾಗಿ ಸೀಟಿ ಊದುವ ಕಾವಲುಗಾರ. ಗೋಡೆಗೆ ಕಿವಿಯಿಟ್ಟರೆ ಪಿಸುಮಾತೂ ಆಚೆ ತುದಿಗೆ ಕೇಳುವಂತೆ ಕಟ್ಟಿದ ಪುಣ್ಯಾತ್ಮರು ಇದನ್ನು ಕೇಳಿದ್ದರೆ ಕಟ್ಟುತ್ತಲೇ ಇರಲಿಲ್ಲ.

ಒಂದು ಗಳಿಗೆ ಗದ್ದಲ ತಗ್ಗಿತು. ಮಾರ್ತಾ ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ “ಹೆಂಕ್” ಎಂದಳು. ಅದು ಸುತ್ತಿ ಸುತ್ತಿ ತಿರುಗಿ ಬಂತು. ಹೆಂಕ್ ಅವಳ ಗಂಡನ ಹೆಸರಂತೆ. ಹೋದ ಚಳಿಗಾಲದಲ್ಲಿ ತೀರಿಕೊಂಡನಂತೆ. ಈ ಪ್ರವಾಸಕ್ಕೆ ಇಬ್ಬರೂ ಕೂಡಿ ಬರುವುದಿತ್ತಂತೆ. “ಮನೆಯಲ್ಲಿ ಕರೆದರೆ ಉತ್ತರ ಬರುವುದಿಲ್ಲ. ಇಲ್ಲಿ ಹೆಸರಾದರೂ ವಾಪಸು ಬಂತು” ಎಂದಳು. ನಾನು ಅವಳ ಕೈ ಹಿಡಿದುಕೊಂಡೆ. ಅಷ್ಟರಲ್ಲಿ ಯಾವನೋ ನಮ್ಮ ಬೆನ್ನ ಹಿಂದೆ ನಿಂತು ನರಿಯಂತೆ ಊಳಿಟ್ಟ.

ಅಲ್ಲಿಂದ ಸೂಸಮ್ಮನ ಮನೆ. ಇಲ್ಲಿಂದ ನನ್ನ ಸಿಟ್ಟಿನ ಲೆಕ್ಕ ಸುರುವಾಯಿತು ನೋಡಿ.

ಬಂದವರೆಲ್ಲ ಪಡಸಾಲೆಯಲ್ಲಿ ಕೂತರು. ಓಣಿಯ ಅರ್ಧ ಮಂದಿ ಕಿಟಕಿಯಲ್ಲಿ ನಿಂತರು. ಸೂಸಮ್ಮ ನೂಲಿನ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಚಹಾದ ತಾಟು ಹಿಡಿದು ಬಂದರು. ಬಂದವರಲ್ಲಿ ಕ್ಯಾಮೆರಾ ಕೊರಳಿಗೆ ಹಾಕಿಕೊಂಡ ಎತ್ತರದ ಮನುಷ್ಯನೊಬ್ಬ ಎದ್ದು ಎಲ್ಲರನ್ನೂ ಫೋಟೋಕ್ಕೆ ನಿಲ್ಲಿಸತೊಡಗಿದ. ಓಣಿಯ ಜನರನ್ನು ಒಂದು ಕಡೆ, ತಮ್ಮವರನ್ನು ಒಂದು ಕಡೆ. ಸೂಸಮ್ಮನಿಗೆ ತಾಟು ಕೆಳಗಿಟ್ಟು ಓಣಿಯವರ ಸಾಲಿಗೆ ಹೋಗುವಂತೆ ಕೈಮಾಡಿದ. ಆಮೇಲೆ ನನ್ನ ಕಡೆ ತಿರುಗಿ, “ಮಿಶನರಿಗಳು ಯಾವಾಗ ಬರುತ್ತಾರೆ? ಅವರನ್ನು ನಡುವೆ ನಿಲ್ಲಿಸಬೇಕು” ಎಂದ.

ಈ ವಾಕ್ಯ ಮಾತ್ರ ನನಗೆ ಪೂರಾ ತಿಳಿಯಿತು. ಪ್ರತಿ ಭಾನುವಾರ ಹೆಸರು ಹಿಡಿದು ಪ್ರಾರ್ಥನೆ ಮಾಡುತ್ತಾರಂತೆ! ಆ ಹೆಸರಿಗೆ ಮನಸ್ಸಿನಲ್ಲಿ ಅದೆಂಥ ಮೋರೆ ಅಂಟಿಸಿಕೊಂಡಿದ್ದನೋ ಮಹಾರಾಯ. ಚಹಾ ತಂದವಳು ಮಿಶನರಿ ಇರಬಹುದು ಎಂದು ಅವನ ತಲೆಗೆ ಹೊಳೆಯಲೇ ಇಲ್ಲ. ಅವನಿಗೆ ಹೇಳಲು ನಾನು ಜೋಡಿಸಿಕೊಂಡ ಇಂಗ್ಲಿಷ್ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಆದರೆ ಓಣಿಯವರ ಸಾಲಿನಲ್ಲಿ ನಿಂತಿದ್ದ ಥಾಮಸ್ ನನ್ನನ್ನು ತಡೆದು, ನಗುತ್ತ, ಹೆಂಡತಿಯ ಭುಜದ ಮೇಲೆ ಕೈಯಿಟ್ಟು ತಮ್ಮಿಬ್ಬರನ್ನೂ ಪರಿಚಯಿಸಿಕೊಂಡರು. ಆ ಮನುಷ್ಯ ಕಿವಿಯವರೆಗೆ ಕೆಂಪಾದ. ಸೂಸಮ್ಮ ನನ್ನ ಕಡೆ ಬಾಗಿ, “ಬಿಡ್ರಿ ಅಕ್ಕಾರ, ಚಾ ಆರತೈತಿ” ಎಂದರು. ಅವರ ಈ ಬಿಡುವ ಗುಣ ನನಗಿಲ್ಲ. ಆ ಫೋಟೋದಲ್ಲಿ ಸೂಸಮ್ಮ ನಡುವೆ ನಗುತ್ತ ನಿಂತಿದ್ದಾರೆ, ಪಕ್ಕದಲ್ಲಿ ನಾನು ಯಾರನ್ನೋ ಕೊಲ್ಲಲು ಹೊರಟವಳ ಹಾಗೆ ಕಾಣುತ್ತೇನೆ.

ತಿಕೋಟಾ ಬಳಸಿ ಬಬಲೇಶ್ವರಕ್ಕೆ ಹೋಗುವ ದಾರಿಯಲ್ಲಿ ನನ್ನ ಸಿಟ್ಟು ನಮ್ಮವರ ಕಡೆ ತಿರುಗಿತು. ಪರಿಚಯದವರ ಒಣದ್ರಾಕ್ಷಿ ಶೆಡ್ಡಿನಲ್ಲಿ ಬಸ್ಸು ನಿಲ್ಲಿಸಿದ್ದೆವು. ಜಾಳಿಗೆಯ ಅಂತಸ್ತುಗಳ ಮೇಲೆ ಹರವಿದ ಹಸಿ ದ್ರಾಕ್ಷಿ ಒಣಗುತ್ತಿತ್ತು, ಶೆಡ್ಡೆಲ್ಲ ಸಿಹಿ ಹುಳಿ ವಾಸನೆ. ಬಂದವರು ಬೆರಗಿನಿಂದ ನೋಡುತ್ತಿದ್ದರೆ ನಮ್ಮವರು ಅವರನ್ನು ನೋಡಲು ಬಿಡಬೇಕಲ್ಲ! ಎಲ್ಲಿದ್ದರೋ, ಬೈಕಿನ ಮೇಲೆ ಬಂದವರೆಲ್ಲ ಇಳಿದು ಸೆಲ್ಫಿಗೆ ಮುತ್ತಿಕೊಂಡರು. ಮಾರ್ತಾಳ ಬಿಳಿ ಕೂದಲನ್ನು ಒಬ್ಬಳು ಮುಟ್ಟಿಯೇ ನೋಡಿದಳು. “ಮನುಷ್ಯಾರನ್ನ ನೋಡಿಲ್ಲೇನವಾ?” ಎಂದು ನಾನು ಬಯ್ದರೆ, “ಮನುಷ್ಯಾರನ್ನ ನೋಡೇವ್ರಿ, ಇಂಥವರನ್ನ ನೋಡಿಲ್ಲ” ಎಂದಳು. ಶೆಡ್ಡಿನ ಮಾಲೀಕ ಮಾತ್ರ ಹಿರಿಯ ಮನುಷ್ಯ. ಎಲ್ಲರ ಕೈಗೂ ಒಂದೊಂದು ಪೊಟ್ಟಣ ಒಣದ್ರಾಕ್ಷಿ ಕೊಟ್ಟು, “ಮನಿಗೆ ಒಯ್ರಿ, ಮಕ್ಕಳಿಗೆ ಕೊಡ್ರಿ” ಎಂದ.

ಬಬಲೇಶ್ವರಕ್ಕೆ ಬಂದಾಗ ಬಿಸಿಲು ನೆತ್ತಿ ದಾಟಿತ್ತು. ಚಿಗವ್ವ ಬಾಗಿಲಲ್ಲಿ ನಿಂತಿದ್ದಳು. ಕಾಲಿಗೆ ನೀರು ಕೊಟ್ಟಳು. ಅವರು ಅದರಿಂದ ಕೈ ತೊಳೆದುಕೊಂಡು ಮತ್ತೆ ಸಣ್ಣ ಬಾಟಲಿ ತೆಗೆದು ಅಂಗೈಗೆ ಔಷಧಿ ಹಚ್ಚಿಕೊಂಡರು. ಚಿಗವ್ವ ನನ್ನ ಕಿವಿಯಲ್ಲಿ, “ನಮ್ಮ ನೀರ ಹೊಲಸ ಐತೇನ?” ಎಂದಳು. “ಅವರ ಕೈ ಹೊಲಸ ಇರಬೇಕ ಬಿಡ ಬೇ” ಎಂದೆ. ಅಡುಗೆ ಮಾತ್ರ ಅವಳು ಬೆಳಕು ಹರಿಯುವ ಮೊದಲೇ ಸುರುಮಾಡಿದ್ದಳು. ತೆಳ್ಳಗಿನ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಚಟ್ನಿ, ಕೆನೆಮೊಸರು, ಶೇಂಗಾ ಹೋಳಿಗೆ. ಅವರ ಮುಖಂಡ ಪಾದ್ರಿ ರೊಟ್ಟಿಯನ್ನು ಹಪ್ಪಳ ಎಂದು ತಿಳಿದನೋ ಏನೋ, ಬರಿದನ್ನೇ ಕಡಿದು ತಿಂದ. ಮಾರ್ತಾ ಸೂಸಮ್ಮನನ್ನು ನೋಡಿ ನೋಡಿ ಮುರಿದು, ಅದ್ದಿ ತಿಂದಳು. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಮತ್ತೊಂದು ರೊಟ್ಟಿಗೆ ಕೈ ಚಾಚಿದಳು. ಚಿಗವ್ವನ ಮುಖ ಆಗ ನೋಡಬೇಕಿತ್ತು ನೀವು.

ಊಟವಾಯಿತು. ಈಗ ಉಡಿ ತುಂಬಬೇಕು. ಅಷ್ಟರಲ್ಲಿ ನೀಲವ್ವ ಬಂದಳು.

ಅವಳು ಬರಲೇಬೇಕಿತ್ತು ಎಂಬುದೇ ನನ್ನ ಹೊಟ್ಟೆಯೊಳಗಿನ ಬೆಂಕಿ. ಗಂಡ ಸತ್ತ ಹೆಣ್ಣು ಉಡಿ ತುಂಬುವ ಹಾಗಿಲ್ಲ, ಅವಳ ಉಡಿಯನ್ನು ಯಾರೂ ತುಂಬುವ ಹಾಗೂ ಇಲ್ಲ. ಯಾರು ಮಾಡಿದ ಕಾನೂನು ಎಂದರೆ ಹೇಳುವವರಿಲ್ಲ, ನಡೆಸುವವರು ಮಾತ್ರ ಓಣಿಗೊಬ್ಬರಿದ್ದಾರೆ. ಬಸವಣ್ಣನವರ ನಾಡು, ಹೆಣ್ಣು ಗಂಡು ಸಮ ಎಂದು ಮೈಕಿನಲ್ಲಿ ಕೂಗಿ ಹೇಳುವ ಊರಿನಲ್ಲಿ ನನ್ನ ಚಿಗವ್ವ ತನ್ನ ಮನೆಯಲ್ಲೇ ಇಂಥ ಹೊತ್ತಿಗೆ ಅಡುಗೆಮನೆಯ ಹೊಸ್ತಿಲ ಒಳಗೆ ಸರಿಯಬೇಕು, ನೀಲವ್ವ ಹಣೆತುಂಬ ಕುಂಕುಮ, ಕೈತುಂಬ ಹಸಿರು ಬಳೆ ತೊಟ್ಟು ಬಂದು ತಾಟು ಹಿಡಿಯಬೇಕು. ಅಕ್ಕಿ ಆರಿಸಿದ್ದು ಚಿಗವ್ವ. ಕಾಯಿ ಸುಲಿದಿಟ್ಟಿದ್ದು ಚಿಗವ್ವ. ಗುಳೇದಗುಡ್ಡದ ಖಣ ಬೇಕೇ ಬೇಕು, ಪಾಲಿಸ್ಟರ್ ಜಂಪರ್ ಪೀಸು ಬ್ಯಾಡ ಎಂದು ನನ್ನನ್ನು ಅಂಗಡಿ ಅಂಗಡಿ ತಿರುಗಿಸಿದ್ದೂ ಚಿಗವ್ವ. ಉತ್ತತ್ತಿಯ ಬದಲು ತಿಕೋಟಾದ ಒಣದ್ರಾಕ್ಷಿ ಇಟ್ಟದ್ದು ಕೂಡ ಅವಳದೇ ಯೋಚನೆ.

ಬಂದವರಲ್ಲಿ ಹೆಣ್ಣುಮಕ್ಕಳು ನಾಲ್ವರು. ಅವರಿಗೆ ಸೆರಗೆಲ್ಲಿಯದು? ಒಬ್ಬಳು ಅಂಗಿಯ ತುದಿ ಹಿಡಿದಳು, ಒಬ್ಬಳು ಓಢಣಿ ಒಡ್ಡಿದಳು, ಮತ್ತೊಬ್ಬಳು ಟೊಪ್ಪಿಗೆ ತೆಗೆದು ಮುಂದೆ ಹಿಡಿದಳು. ನೀಲವ್ವ ಬಹಳ ಗಂಭೀರವಾಗಿ ಟೊಪ್ಪಿಗೆಗೂ ಉಡಿ ತುಂಬಿದಳು. ಇದು ಪೂಜೆಯೋ ಏನೋ ಎಂದು ಪಾದ್ರಿ ಅನುಮಾನಿಸಿ ಕೇಳಿದ. ಸೂಸಮ್ಮ ಇಂಗ್ಲಿಷಿನಲ್ಲಿ, “ಮಗಳು ತವರಿನಿಂದ ಹೊರಡುವಾಗ ಹೀಗೆ ಮಾಡುತ್ತಾರೆ” ಎಂದರು. ಅವನು ತಲೆಯಾಡಿಸಿದ.

ಕೊನೆಗೆ ಮಾರ್ತಾ. ಕೊರಳಲ್ಲಿದ್ದ ನೀಲಿ ಬಟ್ಟೆ ಬಿಚ್ಚಿ ಎರಡೂ ಕೈಯಲ್ಲಿ ಒಡ್ಡಿ, ತಲೆ ಸ್ವಲ್ಪ ಬಾಗಿಸಿ ನಿಂತಳು. ನೀಲವ್ವ ಅಕ್ಕಿಗೆ ಕೈ ಹಾಕಿದವಳು ತಡೆದಳು. ಮಾರ್ತಾಳ ಬಿಳಿ ತಲೆ ನೋಡಿದಳು, ಸುತ್ತ ಕೂತ ಗಂಡಸರನ್ನು ನೋಡಿದಳು.

“ಅಕ್ಕಾರ, ಇವರ ಯಜಮಾನ್ರು ಯಾರ್ರಿ ಇದರಾಗ?”

ನನಗೆ ಸುಳ್ಳು ಹೇಳಲು ಬರುವುದಿಲ್ಲ ಎಂದಲ್ಲ. ಬೇಕಾದಷ್ಟು ಹೇಳಿದ್ದೇನೆ. ಹೆಂಕ್ ಮನೆಯಲ್ಲಿ ದನ ಕಾಯುತ್ತಿದ್ದಾನೆ ಎಂದರೆ ಮುಗಿಯುತ್ತಿತ್ತು. ಆದರೆ ಸಿಟ್ಟು ಬಂದಾಗ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. “ಅದ ಯಾಕ ಬೇಕ್ರಿ ನಿಮಗ?” ಎಂದುಬಿಟ್ಟೆ. ನೀಲವ್ವನಿಗೆ ಅಷ್ಟೇ ಸಾಕಾಯಿತು.

“ಅಯ್ಯ ಶಿವನ!” ಎಂದು ತಾಟನ್ನು ಹಿಂದಕ್ಕೆ ಎಳೆದುಕೊಂಡಳು. “ಮೊದಲ ಹೇಳಬೇಕಿಲ್ರಿ? ಇವರಿಗೆ ಎರಡ ಬಾಳಿಹಣ್ಣ ಕೊಟ್ಟ ಕಳಸ್ರಿ, ಸಾಕು.”

ಮಾರ್ತಾ ಹಾಗೆಯೇ ನಿಂತಿದ್ದಳು. ನಗುತ್ತ, ಬಟ್ಟೆ ಒಡ್ಡಿಕೊಂಡು. ಉಳಿದ ಮೂವರಿಗೆ ಸಿಕ್ಕಿದ್ದು ತನಗೂ ಈಗ ಸಿಗುತ್ತದೆ ಎಂದು ನಂಬಿ ನಿಂತಿದ್ದಳು. ಆಮೇಲೆ ಅವಳ ನಗೆ ಸ್ವಲ್ಪ ಸ್ವಲ್ಪವೇ ಕಡಿಮೆಯಾಗಿ, ತಾನೇನು ತಪ್ಪು ಮಾಡಿದೆ ಎನ್ನುವಂತೆ ನನ್ನ ಕಡೆ ನೋಡಿದಳು. ಬಟ್ಟೆಯ ತುದಿಗಳನ್ನು ಮಡಿಸಲು ಹೋದಳು. ಸೂಸಮ್ಮ ಎದ್ದು ನಿಂತರು. ನಾನು ಏನೋ ಕೂಗಲು ಬಾಯಿ ತೆರೆದೆ.

“ನೀಲವ್ವ, ತಾಟ ಇತ್ತ ಕೊಡು.”

ಚಿಗವ್ವ ಹೊಸ್ತಿಲು ದಾಟಿ ಬಂದಿದ್ದಳು.

“ಯಕ್ಕಾ, ನೀವು ಮುಟ್ಟಬಾರದ್ರಿ...” ಎಂದಳು ನೀಲವ್ವ.

“ಯಾಕ ಮುಟ್ಟಬಾರದು? ಮನಿ ನಂದು, ಅಕ್ಕಿ ನಂದು, ಖಣ ನಂದು. ನೀ ಬರೇ ಕೈ ತಂದಿದ್ದಿ. ನಿನ್ನ ಕೈ ನೀ ಹೊಳ್ಳಿ ಒಯ್ಯಿ.”

“ಮಂದಿ ಏನಂತಾರ?”

“ಮಂದಿ ಬಂದಿದ್ರೇನ ನಮ್ಮನಿಯವರ ಬೆನ್ನ ತೊಳ್ಯಾಕ? ಮನಿಗೆ ಬಂದ ಹೆಣ್ಮಗಳನ್ನ ಖಾಲಿ ಉಡಿಲೆ ಕಳಸಾಂಗಿಲ್ಲ ನಾ.”

ಚಿಗವ್ವ ಅಕ್ಕಿ ಹಾಕಿದಳು. ಕಾಯಿ ಇಟ್ಟಳು. ಬೆಲ್ಲ, ಎಲೆ ಅಡಿಕೆ, ಎರಡು ಬೊಗಸೆ ಒಣದ್ರಾಕ್ಷಿ. ಎಲ್ಲಕ್ಕೂ ಮೇಲೆ ಖಣ ಇಟ್ಟು ಅಂಗೈಯಿಂದ ಒತ್ತಿದಳು. ಕುಂಕುಮದ ಭರಣಿ ಬಿಟ್ಟು ದೇವರ ಮಾಡದಿಂದ ವಿಭೂತಿ ತಂದು, ಹಚ್ಚಲೇ ಎಂದು ಸೂಸಮ್ಮನ ಕಡೆ ನೋಡಿದಳು. ಸೂಸಮ್ಮ ಮಾರ್ತಾಳ ಕಿವಿಯಲ್ಲಿ ಏನೋ ಹೇಳಿದರು. ಮಾರ್ತಾ ತಾನೇ ಹಣೆ ಬಾಗಿಸಿದಳು. ಪಾದ್ರಿ ಮೇಲೆ ಜಂತಿ ಎಣಿಸುವವನಂತೆ ನೋಡುತ್ತ ಕೂತ. ಆ ಒಂದು ಕಾರಣಕ್ಕೆ ನಾನು ಅವನ ರೊಟ್ಟಿಯ ತಪ್ಪನ್ನು ಮಾಫಿ ಮಾಡಿದ್ದೇನೆ.

ಸಂಜೆ ವಿಜಯಪುರಕ್ಕೆ ಮರಳಿ ಬಂದ ಮೇಲೆ ಮತ್ತೊಂದು ತಕರಾರು. ಕಾಯಿ, ಅಕ್ಕಿ ವಿಮಾನದಲ್ಲಿ ಬಿಡುವುದಿಲ್ಲ, ಇಲ್ಲೇ ಬಿಟ್ಟು ಹೋಗೋಣ ಎಂದು ಪಾದ್ರಿ ಹೇಳಿದ. ಉಡಿಯಕ್ಕಿ ಬಿಟ್ಟು ಹೋಗುವುದೇ! ನಾನು ಜಗಳಕ್ಕೆ ಸಿದ್ಧಳಾದೆ. ಅಷ್ಟರಲ್ಲಿ ಸೂಸಮ್ಮ ನಾಲ್ವರ ಅಕ್ಕಿಯನ್ನೂ ಒಂದೇ ಪಾತ್ರೆಗೆ ಸುರಿದು, ಕಾಯಿ ತುರಿದು, ಬೆಲ್ಲ ಹಾಕಿ ಸಿಹಿ ಅನ್ನ ಮಾಡಿ ಅವರಿಗೆ ಬಡಿಸಿದರು. ಉಡಿಯಕ್ಕಿ ಉಡಿ ತುಂಬಿಸಿಕೊಂಡವಳೇ ಉಣ್ಣಬೇಕೆಂದು ಅವರಿಗೆ ಗೊತ್ತಿತ್ತು. ಮಾರ್ತಾ ಉಣ್ಣುತ್ತ ಮಧ್ಯಾಹ್ನ ನಡೆದದ್ದನ್ನೆಲ್ಲ ಕೇಳಿದಳು. ನಾನು ಮುಚ್ಚುಮರೆ ಇಲ್ಲದೆ ಹೇಳಿದೆ. ಅವಳು ಖಣವನ್ನು ಚೀಲದಿಂದ ತೆಗೆದು ಮತ್ತೊಮ್ಮೆ ಬಿಚ್ಚಿ ನೋಡಿದಳು.

“ಹಾಗಾದರೆ ನಿಮ್ಮ ಚಿಗವ್ವನ ಉಡಿಯನ್ನು ಯಾರು ತುಂಬುತ್ತಾರೆ?” ಎಂದು ಕೇಳಿದಳು.

ಇಂಗ್ಲಿಷ್ ಬಹಳ ಸುಲಭದ್ದೇ ಇತ್ತು. ನಾನು ತಿಳಿಯದವಳಂತೆ ನಕ್ಕೆ.

ಮುಂದಿನ ವಾರವೇ ಅಂಗಡಿಗೆ ಹೋಗಿ ಈ ಹಸಿರು ಖಣ ತಂದೆ. ಕಾಯಿ, ಅಕ್ಕಿ, ಬೆಲ್ಲ ಕಟ್ಟಿಕೊಂಡು ಬಬಲೇಶ್ವರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ನನ್ನ ಬಗ್ಗೆ ನನಗೇ ಬಹಳ ಅಭಿಮಾನ. ಇಡೀ ಬಬಲೇಶ್ವರದ ಎದುರಿಗೆ ಚಿಗವ್ವನ ಉಡಿ ತುಂಬಿ, ನೀಲವ್ವನ ಮೋರೆ ನೋಡಿ ಬರಬೇಕು. ಚಿಗವ್ವನ ಕಣ್ಣಲ್ಲಿ ನೀರು ಬರುತ್ತದೆ, ನಾನು ಸಮಾಧಾನ ಮಾಡಬೇಕು. ಅದಕ್ಕೆಂದು ಒಳ್ಳೆಯ ಕರವಸ್ತ್ರವನ್ನೂ ಇಟ್ಟುಕೊಂಡಿದ್ದೆ.

ಚಿಗವ್ವ ಶೇಂಗಾ ಸುಲಿಯುತ್ತ ಕೂತಿದ್ದಳು. ನಾನು ತಾಟು ಹಚ್ಚಿ, “ಏಳ ಬೇ, ಸೆರಗ ಒಡ್ಡು” ಎಂದೆ. ಅವಳು ತಾಟು ನೋಡಿದಳು, ನನ್ನನ್ನು ನೋಡಿದಳು.

“ಇದೇನ ಹೊಸಾದು?”

“ನಿನ್ನ ಉಡಿ ತುಂಬತೇನಿ.”

“ಇಷ್ಟ ವರ್ಷ ಎಲ್ಲಿ ಹೋಗಿದ್ದಿ?”

ನನ್ನ ಅಭಿಮಾನ ಅಲ್ಲಿಗೇ ನಿಂತಿತು.

“ಪರದೇಶದಾಕಿ ಬಂದ ಕೇಳಿದಮ್ಯಾಲ ನೆನಪಾತೇನ ನಿನಗ, ಚಿಗವ್ವಗೂ ಒಂದ ಉಡಿ ಐತಿ ಅಂತ?” ಶೇಂಗಾದ ಬುಟ್ಟಿ ಸರಿಸಿ ಎದ್ದಳು. “ಕಲತಾಕಿ ನೀನು. ನೀಲವ್ವಗ ಬೈಯಾಕತ್ತಿ. ಆಕಿ ಪಾಪ, ತಿಳಿದ ಮಾಡತಾಳೋ ತಿಳೀದ ಮಾಡತಾಳೋ. ನಿನ್ನ ಮಗಳ ಕುಬಸದಾಗ ನಾ ಎಲ್ಲಿ ಕುಂತಿದ್ದೆ, ಹೇಳು? ಹಿತ್ತಲದಾಗ. ಕರದ್ಯಾ ನೀ?”

“ನಮ್ಮತ್ತಿಯವರ ಇದ್ರಲ್ಲ ಬೇ ಅವಾಗ, ನಾ ಹೆಂಗ...” ಎಂದೆ.

“ಈಗಿಲ್ಲಲ್ಲ ನಿಮ್ಮತ್ತಿ?”

ನಾನು ತಾಟಿನಲ್ಲಿದ್ದ ಕಾಯಿಯನ್ನು ಅತ್ತ ಇತ್ತ ಸರಿಸಿದೆ. ಹೊರಗೆ ಸಂತೆಗೆ ಹೋಗುವ ಜೀಪೊಂದು ಹಾರ್ನು ಹೊಡೆಯುತ್ತ ಹೋಯಿತು. ಆಮೇಲೆ ಚಿಗವ್ವ ಸೆರಗಿನ ತುದಿಗೆ ಕೈ ಒರೆಸಿಕೊಂಡು ತಾಟಿನಿಂದ ಖಣ ಎತ್ತಿದಳು. ಬಿಚ್ಚಿ, ಬಾಗಿಲ ಬೆಳಕಿಗೆ ಹಿಡಿದಳು. ಅಂಚಿನ ಮೇಲೆ ಬೆರಳಾಡಿಸಿದಳು. ನನ್ನ ಅವ್ವ ಆ ನೇರಳೆ ಬಟ್ಟೆಯನ್ನು ಹಿಡಿದ ಹಾಗೆಯೇ. ಅಕ್ಕ ತಂಗಿಯರಲ್ಲವೇ.

“ಹಸರ ಚಲೋ ಐತಿ” ಎಂದಳು.

“ಹಂಗಾದ್ರ ಒಡ್ಡ ಬೇ ಸೆರಗ.”

“ಉಡಿ ಬ್ಯಾಡ ನನಗ. ಉಡ್ಯಾಗ ಬಿದ್ದದ್ದ ಪೆಟಿಗಿಗೆ ಹೋಗತೈತಿ. ನಿಮ್ಮವ್ವಂದು ನೋಡೇನಿ, ನಂದೂ ನೋಡೇನಿ.” ಒಳಗೆ ಹೋಗಿ ಮಾಸಿದ ಬಿಳಿ ಕುಪ್ಪಸವೊಂದನ್ನು ತಂದು ಖಣದ ಮೇಲೆ ಇಟ್ಟಳು. “ಇದು ಅಳತಿದು. ಹೊಲಿಸಿ ತಾ. ತೊಡತೇನಿ.”

“ಹಸರ?” ಎಂದು ನನ್ನ ಬಾಯಿಂದ ತಾನಾಗಿ ಬಂತು. ಗಂಡ ಸತ್ತವಳಿಗೆ ಹಸಿರು ಇಲ್ಲ ಎಂಬುದು ನನ್ನ ಬಾಯಿಗೂ ಎಷ್ಟು ಚೆನ್ನಾಗಿ ಅಭ್ಯಾಸವಾಗಿತ್ತು ನೋಡಿ.

“ನೋಡಿದ್ಯಾ?” ಎಂದಳು ಚಿಗವ್ವ. ನಗಲಿಲ್ಲ. “ನೀಲವ್ವ ಬರೇ ಮಗ್ಗಲ ಮನ್ಯಾಗಷ್ಟ ಇಲ್ಲ.”

ಹೀಗೆ ಆ ಖಣ, ಬಿಳಿ ಕುಪ್ಪಸದ ಸಮೇತ, ನನ್ನ ಜೊತೆ ವಾಪಸು ಬಂತು. ಒಂದು ವಾರ ಮೇಜಿನ ಮೇಲೆ ಬಿತ್ತು. ಹಾದು ಹೋದಾಗಲೆಲ್ಲ ಸಿಟ್ಟು ಬರುತ್ತಿತ್ತು. ಕ್ಯಾಮೆರಾದ ಮನುಷ್ಯನ ಮೇಲೆ ಬಂತು, ನೀಲವ್ವನ ಮೇಲೆ ಬಂತು, ಇನ್ನು ಯಾರ ಮೇಲೆ ಉಳಿಯಿತು ಎಂದು ನೀವೇ ಊಹಿಸಿ. ನಿನ್ನೆ ಕೊನೆಗೆ ಸೆರಗು ಬಿಗಿದುಕೊಂಡು ಹೊರಟೆ. ದರ್ಜಿ ಏನು ಕೇಳುತ್ತಾನೆ, ಅದಕ್ಕೆ ನಾನು ಏನು ಹೇಳಬೇಕು ಎಂದು ಓಣಿ ದಾಟುವವರೆಗೆ ಜಗಳ ಜೋಡಿಸಿಕೊಂಡೆ.

ಅವನು ಖಣ ಬಿಚ್ಚಿ, ಬಿಳಿ ಕುಪ್ಪಸವನ್ನು ಅದರ ಮೇಲೆ ಹರವಿದ. “ಯಾರ್ದರಿ?”

“ನಮ್ಮ ಚಿಗವ್ವಂದು. ಗಂಡಿಲ್ಲ ಆಕಿಗೆ. ಹಸರ ತೊಡತಾಳ. ಏನರ ಅನ್ನೂದೈತೇನ?”

ಅವನು ಬಾಯಲ್ಲಿದ್ದ ದಾರ ಕಡಿದು ನನ್ನ ಮುಖ ನೋಡಿದ. “ಅನ್ನೂದ ಏನೂ ಇಲ್ರಿ. ಕೇಳೂದ ಐತಿ. ತೋಳಿಗೆ ಅಂಚ ಹಚ್ಚಬೇಕೇನ?”

“ಹಚ್ಚಪಾ” ಎಂದೆ. “ಎರಡೂ ತೋಳಿಗೂ ಹಚ್ಚು. ಮಗ್ಗಲ ಮನಿ ಕಟ್ಟಿ ಮ್ಯಾಲ ಕುಂತಾಕಿಗೆ ಕಾಣೂವಂಗ ಹಚ್ಚು.”